ಎಲ್ಲಿ ಬೇಕಾದರೂ ರಿಪೇರಿ

"ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು. ಕಾರ್ಬೊರೇಟರ್ ಗಾಡಿಯನ್ನು ಎಲ್ಲಿ ಬೇಕಾದರೂ ರಿಪೇರಿ ಮಾಡಬಹುದು" ಎಂದ ಬಸ್ಯಾ. ಗಿರಮಿಟ್ ಇನ್ನೂ ಬಂದಿರಲಿಲ್ಲ, ಭಾಷಣ ಆಗಲೇ ಶುರುವಾಗಿತ್ತು.

"ಹೌದು, ಅದಕ್ಕೇ ಅದು ಎಲ್ಲಿ ಬೇಕಾದರೂ ನಿಲ್ಲುತ್ತದೆ" ಎಂದರು ಗಿರಿಜಾ ವೈನಿ, ಅಡುಗೆಮನೆಯಿಂದಲೇ.

ಹುಬ್ಬಳ್ಳಿಯ ವಿದ್ಯಾನಗರಕ್ಕೆ ಈಗ ಹೊಸ ಹುಚ್ಚು ಹಿಡಿದಿದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುವವರೇ, ಗಾಡಿಯಲ್ಲಿ ಮಾತ್ರ ಕಂಪ್ಯೂಟರ್ ಇರಬಾರದು ಅಂತ ಹಳೇ ಮಾರುತಿ ಜಿಪ್ಸಿ ಹುಡುಕುತ್ತಿದ್ದಾರೆ. ಅದರಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವುದು ಕಾರ್ಬೊರೇಟರ್, ಕಂಪ್ಯೂಟರ್ ಅಲ್ಲ. ಬಸ್ಯಾನಿಗೂ ಒಂದು ಸಿಕ್ಕಿತು. 1998ರದ್ದು.

"ಅಂದರೆ ಜಿಪ್ಸಿ ಕಿಂಗ್" ಎಂದರು ಕುಲಕರ್ಣಿ ಮಾಸ್ತರು. ಅವರನ್ನು ಕೇಳಬೇಕೆಂದಿಲ್ಲ, ತಾವೇ ಶುರು ಮಾಡುತ್ತಾರೆ. "ಜಿಪ್ಸಿ ಬಂದದ್ದು 1985ರಲ್ಲಿ, 970 ಸಿಸಿ. 1996ರಲ್ಲಿ 1.3 ಲೀಟರ್ ಇಂಜಿನ್ನಿನ ಕಿಂಗ್ ಬಂತು, ಕಾರ್ಬೊರೇಟರ್ ಹಾಗೇ ಉಳಿಯಿತು. 2000ದಲ್ಲಿ ಕಂಪ್ಯೂಟರ್ ಅಳೆದು ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ನೂ ಹದಿನಾರು ವಾಲ್ವೂ ಬಂದವು. 60 ಇದ್ದ ಹಾರ್ಸ್‌ಪವರ್ 80 ಆಯಿತು."

"ಇಪ್ಪತ್ತು ಕುದುರೆ ಕಡಿಮೆ ಇರೋ ಗಾಡಿಗೆ ಇವರು ಜಾಸ್ತಿ ದುಡ್ಡು ಕೊಟ್ಟು ಬಂದಿದ್ದಾರೆ. ಆ ಇಪ್ಪತ್ತು ಕುದುರೆ ಕೆಲಸ ನನ್ನ ಪಾಲಿಗೆ. ಹಿಂದೆ ನಿಂತು ತಳ್ಳುವುದು ನಾನೇ ಅಲ್ವಾ?" ವೈನಿ ತಟ್ಟೆ ತಂದಿಟ್ಟರು.

"ಮೆಕ್ಯಾನಿಕಲ್ ವಸ್ತುವಿನ ಮಜಾ ನಿನಗೆ ಗೊತ್ತಿಲ್ಲ" ಎಂದ ಬಸ್ಯಾ.

ಮಾಸ್ತರು ಚಹಾದ ಕಪ್ಪು ಎತ್ತಿದರು. "ಇದು ಕಾರ್ಬೊರೇಟರಿನ ಬಟ್ಟಲು ಅಂತ ತಿಳಕೊಳ್ಳಿ. ಒಳಗೆ ಪೆಟ್ರೋಲು, ಅದರ ಮೇಲೆ ತೇಲುವ ಫ್ಲೋಟ್. ಬಟ್ಟಲು ತುಂಬಿದಾಗ ಫ್ಲೋಟ್ ಸೂಜಿಯನ್ನು ಒತ್ತಿ ಪೆಟ್ರೋಲು ಬರುವ ದಾರಿ ಮುಚ್ಚುತ್ತದೆ. ಈಗ ಗಾಡಿ ಕಡಿದಾದ ದಿಬ್ಬ ಹತ್ತುತ್ತಿದೆ." ಕಪ್ಪು ವಾಲಿತು. ಚಹಾ ಅವರ ಧೋತರದ ಮೇಲೆ ಬಿತ್ತು. "ನೋಡ್ರಿ, ಜೆಟ್ಟಿಗೆ, ಅಂದರೆ ಪೆಟ್ರೋಲು ಹೊರಬೀಳುವ ಸಣ್ಣ ತೂತಿಗೆ, ಒಂದೋ ಪೆಟ್ರೋಲು ಎಟಕುವುದಿಲ್ಲ, ಇಲ್ಲಾ ಉಕ್ಕಿ ಹರಿಯುತ್ತದೆ. ಫೋರ್‌ವೀಲ್ ಗಾಡಿ ಇರೋದೇ ದಿಬ್ಬ ಹತ್ತಲಿಕ್ಕೆ!"

"ಇವರಿಗೆ ಆ ತ್ರಾಸು ಇಲ್ಲ ಬಿಡ್ರಿ" ಎಂದರು ವೈನಿ. "ನೃಪತುಂಗ ಬೆಟ್ಟಕ್ಕೂ ಹೋಗುವುದಿಲ್ಲ. ದುರ್ಗದ ಬೈಲಿಗೆ ಹೋಗಿ ಕೊತ್ತಂಬರಿ ತರುತ್ತಾರೆ."

ಬಸ್ಯಾನಿಗೆ ಸಿಟ್ಟು ಬಂತು. ಬೇಸಿಗೆಗೆ ಲೇಹ್‌ಗೇ ಹೋಗುವುದಾಗಿ ಸಾರಿದ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು ಎಂದು ಮಾಸ್ತರು ನೆನಪಿಸಿದರು. ಕಾರ್ಬೊರೇಟರಿನ ಜೆಟ್ಟಿಗೆ ಅದು ತಿಳಿಯುವುದಿಲ್ಲ. ಪೆಟ್ರೋಲು ಅಳತೆ ಮೀರಿ ಹೋಗುತ್ತದೆ, ಕಪ್ಪು ಹೊಗೆ ಬರುತ್ತದೆ, ಗಾಡಿ ಎಳೆಯುವುದಿಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಇರುತ್ತದೆ, ಕಂಪ್ಯೂಟರ್ ಪೆಟ್ರೋಲನ್ನು ತಾನೇ ಕಡಿಮೆ ಮಾಡುತ್ತದೆ.

"ಆ ಕಂಪ್ಯೂಟರ್ ಜೋಯಿಡಾ ಕಾಡಿನಲ್ಲಿ ಕೈ ಕೊಟ್ಟರೆ?" ಎಂದ ಬಸ್ಯಾ. "ಟ್ಯಾಂಕಿನೊಳಗಿನ ಕರೆಂಟಿನ ಪಂಪು ಸತ್ತರೆ? ನನ್ನ ಗಾಡಿಯ ಪಂಪನ್ನು ಇಂಜಿನ್ನೇ ಓಡಿಸುತ್ತದೆ. ಬ್ಯಾಟರಿ ಸ್ವಲ್ಪ ಇಳಿದಿದ್ದರೂ ತಳ್ಳಿದರೆ ಸ್ಟಾರ್ಟ್!"

ಇದು ಮಾತ್ರ ಖರೆ. ಮಾಸ್ತರೂ ಸುಮ್ಮನಾದರು.

"ಕಾಡಿನಲ್ಲಿ ತಳ್ಳುವವರು ಯಾರು? ಕರಡಿನಾ?" ಎಂದರು ವೈನಿ.

ನಾನು ಸುಮ್ನೆ ಕೇಳಿದೆ, "ಬಸ್ಯಾ, ಆ ಸ್ಕ್ರೂಡ್ರೈವರ್ ಎಲ್ಲಿದೆ?"

ಅವನು ಎದ್ದು ಹೋಗಿ ಗಾಡಿಯ ಡ್ಯಾಶ್‌ಬೋರ್ಡ್ ತಡಕಾಡಿದ. ಮೊಬೈಲ್ ಚಾರ್ಜರ್ ಸಿಕ್ಕಿತು, ತಂಪು ಕನ್ನಡಕ ಸಿಕ್ಕಿತು, ಪೇಡೆಯ ಖಾಲಿ ಡಬ್ಬಿ ಸಿಕ್ಕಿತು. "ಅದು ಮಿಸ್ತ್ರಿ ಹತ್ತಿರ ಇದೆ" ಎಂದ.

"ಎಲ್ಲಿ ಬೇಕಾದರೂ ರಿಪೇರಿ ಮಾಡಬಹುದು, ಮಿಸ್ತ್ರಿ ಅಲ್ಲಿದ್ದರೆ" ಎಂದರು ವೈನಿ.

ಮಿಸ್ತ್ರಿಯ ಮಾತು ಬಂದಮೇಲೆ ನಗು ಸ್ವಲ್ಪ ಇಳಿಯಿತು. ನಮಗೆಲ್ಲ ಅವರು ಗೊತ್ತು. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಲೆಕ್ಕ ಅವರು ಓದಿಲ್ಲ. ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ತಲೆ ಓರೆ ಮಾಡಿ ಇಂಜಿನ್ ಕೇಳುತ್ತಾರೆ. ಕಾಲು ಸುತ್ತು ಹಿಂದಕ್ಕೆ ತರುತ್ತಾರೆ. ಗಾಡಿ ಸಮನಾಗಿ ಗುರುಗುಟ್ಟುತ್ತದೆ. ಕಸ ಕೂತ ಜೆಟ್ಟನ್ನು ಬಾಯಿಂದಲೇ ಊದುತ್ತಾರೆ. ಈಗ ಮಂಡಿನೋವು, ಬಗ್ಗಲು ಆಗುವುದಿಲ್ಲ. ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ಉಬ್ಬುತ್ತದೆ ಅಂತ ಬೈಯುತ್ತಾರೆ. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಸ್ಕ್ಯಾನರ್ ಚುಚ್ಚುವ ಹುಡುಗರು ಓಣಿಗೆ ನಾಲ್ಕು ಜನ ಸಿಗುತ್ತಾರೆ, ಇಂಜಿನ್‌ಗೆ ಕಿವಿ ಕೊಡಲು ಯಾರೂ ಕಲಿಯಲಿಲ್ಲ.

"ಅವರು ಕೂತುಬಿಟ್ಟರೆ ಈ ಜಿಪ್ಸಿಗಳ ಗತಿ ಏನ್ರೀ?" ಎಂದರು ಮಾಸ್ತರು. ಬಸ್ಯಾ ಗಿರಮಿಟ್ಟಿನಲ್ಲಿ ಶೇಂಗಾ ಹುಡುಕುತ್ತಿದ್ದ.

ಅಷ್ಟು ಹೊತ್ತೂ ಬಸ್ಯಾನ ಮಾತಿಗೆ ತಲೆ ಆಡಿಸುತ್ತಿದ್ದವನು ಪರಪ್ಪ. ಈಗ ಬಾಯಿ ಬಿಟ್ಟ. "ಅದಕ್ಕೇ ನಾನು ಕಲಘಟಗಿಯ ನಮ್ಮ ಹಳೇ ಮಹೀಂದ್ರಾ ಜೀಪು ಮಾರಲಿಲ್ಲ. ಅಪ್ಪಟ ಕಾರ್ಬೊರೇಟರ್. ಇಂಜೆಕ್ಷನ್ ಗಾಳಿಯೂ ಸೋಕಿಲ್ಲ."

"ಅದಕ್ಕೆ ಏನು ಹಾಕಿಸ್ತೀಯಪ್ಪಾ?" ಎಂದು ಮಾಸ್ತರು ಕೇಳಿದರು.

"ಡೀಸೆಲ್."

ಮಾಸ್ತರಿಗೆ ಕೆಮ್ಮು ಹತ್ತಿತು. "ಡೀಸೆಲ್ ಗಾಡಿಗೆ ಕಾರ್ಬೊರೇಟರ್ ಎಲ್ಲಿರುತ್ತದೆ ಮಾರಾಯಾ? ಅದರಲ್ಲಿ ಪಂಪು ಡೀಸೆಲನ್ನು ಒತ್ತಿ ನಾಝಲ್‌ನಿಂದ ಚಿಮ್ಮಿಸುತ್ತದೆ. ಹುಟ್ಟಿದಾಗಿನಿಂದ ಅದು ಇಂಜೆಕ್ಷನ್ನೇ."

ಪರಪ್ಪ ಬಹಳ ಹೊತ್ತು ಯೋಚಿಸಿದ. "ಹಾಗಾದರೆ ನಾನು ಯಾವ ಪಾರ್ಟಿ?"

"ತಳ್ಳುವ ಪಾರ್ಟಿ" ಎಂದರು ವೈನಿ. "ಏಳ್ರಿ, ಇವರು ಕೊತ್ತಂಬರಿ ತರಬೇಕಂತೆ."