ಬಿಸಿಯಾದ ಮೇಲೆ ನಿಲ್ಲುವ ಔಟ್‌ಬೋರ್ಡ್ ಎಂಜಿನ್: ಕಿಡಿ ಎಲ್ಲಿ ಹೋಗುತ್ತದೆ?

ಪ್ರಶ್ನೆ:
ನಮಸ್ಕಾರ. ನಮ್ಮದು ಗಂಗೊಳ್ಳಿ ಕಡೆಯ ನಾಡದೋಣಿ. 9.9 ಎಚ್‌ಪಿ, ಟೂ ಸ್ಟ್ರೋಕ್, ದೋಣಿಯ ಹಿಂಬದಿಗೆ ಸಿಕ್ಕಿಸುವ ಎರಡು ಸಿಲಿಂಡರಿನ ಸೀಮೆಎಣ್ಣೆ ಎಂಜಿನ್. ಬೆಳಿಗ್ಗೆ ಪೆಟ್ರೋಲ್‌ನಲ್ಲಿ ಎರಡೇ ಸಲ ಹಗ್ಗ ಎಳೆದರೆ ಸ್ಟಾರ್ಟ್. ಸೀಮೆಎಣ್ಣೆಗೆ ಬದಲಿಸಿ ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಸ್ವಿಚ್ ಆಫ್ ಮಾಡಿದ ಹಾಗೆ ಗಪ್ ಅಂತ ನಿಲ್ಲುತ್ತದೆ. ಮುಕ್ಕಾಲು ಗಂಟೆ ಸುಮ್ನೆ ಬಿಟ್ಟರೆ ಮತ್ತೆ ಸರಿ. ಪ್ಲಗ್ ಹೊಸದು. ಒಬ್ಬರ ಮಾತು ಕೇಳಿ ಸಿಡಿಐ (ಕಿಡಿಗೆ ಕರೆಂಟ್ ಕಳಿಸುವ ಡಬ್ಬಿ) ಕೂಡ ಬದಲಿಸಿದೆ, ದುಡ್ಡು ಹೋದದ್ದಷ್ಟೇ. ದಡಕ್ಕೆ ತಂದು ನೋಡಿದರೆ ಕಿಡಿ ಚೆನ್ನಾಗಿಯೇ ಇದೆ. ಜೂನ್ 1ಕ್ಕೆ ಮಳೆಗಾಲದ ನಿಷೇಧದಿಂದ ದೊಡ್ಡ ಬೋಟುಗಳು ನಿಂತ ಮೇಲೆ ನಮಗೆ ಜುಲೈ ಕೊನೆಯ ತನಕ ಇದೇ ದುಡಿಮೆ. ಏನು ಮಾಡಲಿ ಅಣ್ಣ?

ಮೆಕ್ಯಾನಿಕ್ ಉತ್ತರ:
ದಡಕ್ಕೆ ತಂದು ನೋಡಿದ್ದೇ ತಪ್ಪು ಮಾರಾಯ್ರೆ. ಅಷ್ಟೊತ್ತಿಗೆ ಎಂಜಿನ್ ತಣ್ಣಗಾಗಿರುತ್ತದೆ. ನಿಂತ ಕೂಡಲೇ, ಬಿಸಿ ಇರುವಾಗಲೇ ನೋಡಬೇಕು.

ಮೊದಲು ಎಣ್ಣೆಯ ಅನುಮಾನ ಕಳೆದುಕೊಳ್ಳಿ. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಮುಚ್ಚಿದ್ದರೂ ಎಂಜಿನ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಆದರೆ ಆಗ ಏದುಸಿರು ಬಿಟ್ಟು, ತಡವರಿಸಿ ಸಾಯುತ್ತದೆ. ಪೈಪಿನ ರಬ್ಬರ್ ಬಲ್ಬ್ ಒತ್ತಿದರೆ ಜೀವ ಬರುತ್ತದೆ. ನಿಮ್ಮದು ಗಪ್ ಅಂತ ನಿಲ್ಲುವುದರಿಂದ ನನ್ನ ಅನುಮಾನ ಕಿಡಿಯ ಮೇಲೆ.

ಮುಂದಿನ ಸಲ ನಿಂತಾಗ ಲಂಗರು ಹಾಕಿ. ಅಳಿವೆ ಬಾಯಲ್ಲಿ ಈ ಕೆಲಸ ಬೇಡ. ಎರಡೂ ಪ್ಲಗ್ ಬಿಚ್ಚಿ, ತುದಿ ನೋಡಿ. ಒದ್ದೆ ಇದ್ದರೆ ಎಣ್ಣೆ ಬರುತ್ತಿದೆ ಅಂತ ಅರ್ಥ. ಚೆಲ್ಲಿದ ಎಣ್ಣೆ ಒರೆಸಿ. ಪ್ಲಗ್ಗುಗಳನ್ನು ಕ್ಯಾಪಿಗೆ ಸಿಕ್ಕಿಸಿ, ಅವುಗಳ ಕಬ್ಬಿಣದ ಮೈಯನ್ನು ವೈರಿನಿಂದ ಎಂಜಿನ್ ಮೈಗೆ ಕಟ್ಟಿ, ಪ್ಲಗ್ ತೂತುಗಳಿಂದ ದೂರ ಇಟ್ಟು ಹಗ್ಗ ಎಳೆಯಿರಿ. ಕೈಯಲ್ಲಿ ಹಿಡಿಯಬೇಡಿ, ಹೊಡೆತ ಜೋರಾಗಿರುತ್ತದೆ. ಕ್ಯಾಪನ್ನು ಖಾಲಿ ನೇತಾಡಿಸಿಯೂ ಎಳೆಯಬೇಡಿ, ಹೊಸ ಸಿಡಿಐ ಸುಟ್ಟೀತು.

ಒಂದರಲ್ಲಿ ಮಾತ್ರ ಕಿಡಿ ಇಲ್ಲದಿದ್ದರೆ ಪ್ಲಗ್ ಅದಲು ಬದಲು ಮಾಡಿ, ಆಮೇಲೆ ಕ್ಯಾಪ್ ನೋಡಿ. ಎರಡರಲ್ಲೂ ಇಲ್ಲದಿದ್ದರೆ ಸ್ಟಾಪ್ ಸ್ವಿಚ್‌ನಿಂದ ಸಿಡಿಐಗೆ ಬರುವ ವೈರ್ ಕಳಚಿ ಮತ್ತೆ ಎಳೆಯಿರಿ. ಉಪ್ಪುನೀರಿಗೆ ಸ್ವಿಚ್ ಒಳಗೇ ಅರ್ತ್ ಆಗುವುದು (ಕರೆಂಟ್ ಎಂಜಿನ್ ಮೈಗೆ ಸೋರುವುದು) ಜಾಸ್ತಿ. ಕಿಡಿ ಬಂದರೆ ಸ್ವಿಚ್ಚೇ ಕಳ್ಳ. ಪರೀಕ್ಷೆ ಮುಗಿದ ಮೇಲೆ ವೈರ್ ವಾಪಸ್ ಸಿಕ್ಕಿಸಿ. ಹಾಗೇ ಓಡಿಸಿದರೆ, ನೀವು ನೀರಿಗೆ ಬಿದ್ದರೂ ಎಂಜಿನ್ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು, ಮೂರು ದಿನದ ನಂತರ:
ನೋಡಿದೆ ಅಣ್ಣ. ಪ್ಲಗ್ ಎರಡೂ ಒದ್ದೆ. ಎರಡರಲ್ಲೂ ಕಿಡಿ ಇಲ್ಲ. ಸ್ಟಾಪ್ ವೈರ್ ಕಳಚಿದರೂ ಇಲ್ಲ.

ಉತ್ತರ:
ಹಾಗಾದರೆ ಫ್ಲೈವೀಲ್ (ಹಗ್ಗ ಎಳೆದಾಗ ತಿರುಗುವ ಮ್ಯಾಗ್ನೆಟ್ ಚಕ್ರ) ಅಡಿಯಲ್ಲಿ ಸಿಡಿಐಗೆ ಕರೆಂಟ್ ಕೊಡುವ ಚಾರ್ಜ್ ಕಾಯಿಲ್, ಇಲ್ಲವೇ ಕಿಡಿಯ ಹೊತ್ತು ತಿಳಿಸುವ ಪಲ್ಸರ್ ಕಾಯಿಲ್ ಕೆಟ್ಟಿದೆ. ಕೂದಲಿನಂಥ ಸಣ್ಣ ತಾಮ್ರದ ತಂತಿ ಒಳಗೆಲ್ಲೋ ಬಿಟ್ಟಿರುತ್ತದೆ. ತಣ್ಣಗಿದ್ದಾಗ ತುದಿಗಳು ತಾಗಿಕೊಂಡಿರುತ್ತವೆ, ಬಿಸಿಯಾದಾಗ ಹಿಗ್ಗಿ ದೂರವಾಗುತ್ತವೆ. ಅದಕ್ಕೇ ಬೆಳಿಗ್ಗೆ ಸ್ಟಾರ್ಟ್, ಎಂಜಿನ್ ಬಿಸಿಯಾದಾಗ ಬಂದ್.

ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಡಿ, ಓಮ್ ಎಷ್ಟಿದೆ ಬರೆದುಕೊಳ್ಳಿ. ಆಮೇಲೆ ಮನೆಯ ಹೇರ್ ಡ್ರೈಯರ್‌ನಿಂದ ಕಾಯಿಲ್ ಬಿಸಿ ಮಾಡುತ್ತ ಮೀಟರ್ ನೋಡಿ. ಸ್ವಲ್ಪ ಏರಿದರೆ ಹೆದರಬೇಡಿ. ತಾಮ್ರ 50 ಡಿಗ್ರಿ ಬಿಸಿಯಾದರೆ ಓಮ್ ಸುಮಾರು 20 ಶೇಕಡಾ ಏರುವುದು ಸಹಜ. ಅಂಕಿ ಕುಣಿದು ಮಾಯವಾದರೆ ಅದೇ ರೋಗ.

ಇನ್ನೊಬ್ಬ ಸದಸ್ಯರು:
ಬೈಕಿನ ಕಾಯಿಲ್ ರೀವೈಂಡ್ ಮಾಡುವವರ ಹತ್ತಿರ ಸುತ್ತಿಸಬಹುದಲ್ವಾ? ಹೊಸದು ದುಬಾರಿ.

ಉತ್ತರ:
ಅದೇ ದಪ್ಪದ ತಂತಿ, ಅಷ್ಟೇ ಸುತ್ತು ಇದ್ದರೆ ಓಡುತ್ತದೆ. ಆದರೆ ಉಪ್ಪುಗಾಳಿ ಒಳಗೆ ಹೋಗದಂತೆ ಎಪಾಕ್ಸಿ ಸರಿಯಾಗಿ ತುಂಬುವವರು ಕಡಿಮೆ. ಅಳಿವೆ ದಾಟುವ ದೋಣಿಗೆ ನಾನು ಹೊಸದನ್ನೇ ಹಾಕುತ್ತೇನೆ.

ಫ್ಲೈವೀಲ್ ತೆಗೆಯಲು ಪುಲ್ಲರ್ (ಎಳೆದು ಬಿಡಿಸುವ ಸಾಧನ) ಬಳಸಿ. ಸುತ್ತಿಗೆಯಿಂದ ಹೊಡೆದು ಮ್ಯಾಗ್ನೆಟ್ ಒಡೆದುಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ವಾಪಸ್ ಕೂರಿಸುವಾಗ ಶಾಫ್ಟಿನ ಇಳಿಜಾರು ಭಾಗದಲ್ಲಿ ಎಣ್ಣೆ ಗ್ರೀಸ್ ಇರಬಾರದು. ಶಾಫ್ಟಿಗೂ ಫ್ಲೈವೀಲಿಗೂ ನಡುವೆ ಕೂರುವ ಕೀ (ಸಣ್ಣ ಲೋಹದ ತುಂಡು) ನೆಟ್ಟಗಿದೆಯಾ ನೋಡಿ. ಅದು ತುಂಡಾದರೆ ಟೈಮಿಂಗ್ ತಪ್ಪಿ ಹಗ್ಗ ಉಲ್ಟಾ ಎಳೆದು ಮಣಿಕಟ್ಟು ಮುರಿದೀತು. ನಟ್ಟನ್ನು ಮ್ಯಾನುವಲ್‌ನಲ್ಲಿ ಹೇಳಿದಷ್ಟು ಬಿಗಿ ಮಾಡಿ, ಅಂದಾಜಿನ ಮೇಲೆ ಬೇಡ.

ಪ್ರಶ್ನೆ ಕೇಳಿದವರು:
ಚಾರ್ಜ್ ಕಾಯಿಲ್ ತಣ್ಣಗೆ 250 ಓಮ್. ಡ್ರೈಯರ್ ಹಿಡಿದಾಗ 290ರ ತನಕ ನಿಧಾನ ಏರಿ ಒಮ್ಮೆಲೇ ಮಾಯ. ಫೂ ಅಂತ ಊದಿದೆ, ವಾಪಸ್ ಬಂತು! ಬಿಚ್ಚಿದಾಗ ಒಂದು ಮೂಲೆಯಲ್ಲಿ ಸೀಳು, ಒಳಗೆ ಹಸಿರು ಪುಡಿ. ಹೊಸದು ಹಾಕಿ ನಿನ್ನೆ ಎರಡೂವರೆ ಗಂಟೆ ಓಡಿಸಿದೆ, ಒಮ್ಮೆಯೂ ನಿಲ್ಲಲಿಲ್ಲ. ಹಳೇ ಸಿಡಿಐ ಈಗ ಏನು ಮಾಡಲಿ?

ಉತ್ತರ:
ಅದು ಸರಿಯಾಗಿಯೇ ಇತ್ತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ದೋಣಿಯಲ್ಲೇ ಇಡಿ, ಜೊತೆಗೆ ಎರಡು ಪ್ಲಗ್, ಪ್ಲಗ್ ಸ್ಪ್ಯಾನರ್.