ಜಪದ ಕೌಂಟರ್: ಒಂದು ಸಲ ಒತ್ತಿದ್ರೆ ಒಮ್ಮೊಮ್ಮೆ ಮೂರು ಎಣಿಸುತ್ತೆ!

ಬೆಸುಗೆ_ಬಸ್ಯ: ತಲೆ ಕೆಟ್ಟು ಹೋಗಿದೆ. ಅಜ್ಜಿಗೆ ಜಪ ಎಣಿಸೋಕೆ 7490 (ಎಣಿಸೋ ಐಸಿ), 7447 (ಅಂಕಿ ಡಿಸ್‌ಪ್ಲೇಗೆ ಕಳಿಸೋ ಐಸಿ) ಹಾಕಿ ಕೌಂಟರ್ ಮಾಡಿದೆ. ಅವರು 108 ಮುಗಿಸೋಷ್ಟರಲ್ಲಿ ಇದು 131 ತೋರಿಸುತ್ತೆ. ಡಿಬೌನ್ಸ್‌ಗೆ (ಬಟನ್ ಕಾಂಟ್ಯಾಕ್ಟ್ ಕುಣಿದು ಹೆಚ್ಚು ಎಣಿಸದ ಹಾಗೆ) ಕೆಪಾಸಿಟರ್ ಹಾಕಿಯೇ ಇದೀನಿ. ಮೈಕ್ರೋಕಂಟ್ರೋಲರ್ ಹಾಕು ಅಂತ ಮಾತ್ರ ಹೇಳ್ಬೇಡಿ.

ಹಳೇ_ರೇಡಿಯೋ: ಸಪ್ಲೈ ನಾಯ್ಸ್. ಪ್ರತಿ ಐಸಿ ಪಕ್ಕ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆಯಾ?

ಬೆಸುಗೆ_ಬಸ್ಯ: ಇದೆ ಸಾರ್.

ಹಳೇ_ರೇಡಿಯೋ: ಆದ್ರೂ ಸಪ್ಲೈಯೇ. ಅಡಾಪ್ಟರ್ ಬದಲಾಯಿಸಿ.

ಚಿಪ್ಪು_ಚಂದ್ರ: ಹತ್ತು ಸಾಲು ಕೋಡ್‌ನಲ್ಲಿ ಮುಗಿಯೋ ಕೆಲಸಕ್ಕೆ ಇಷ್ಟೊಂದು ಐಸಿ ಯಾಕೆ ಗುರು? ಆರ್ಡುಯಿನೊ ನ್ಯಾನೊ (ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್) ಹಾಕು.

ಕುಡ್ಲದ_ಮೀಟರ್: ಬೇಡ ಅಂತ ಹೇಳಿದ್ದಾರಲ್ಲ ಮಾರಾಯ್ರೆ. ಬಸ್ಯ, ಕೆಪಾಸಿಟರ್ ಎಷ್ಟು, ಎಲ್ಲಿ? ಬಟನ್ ಒತ್ತಿ ಐದು ಸೆಕೆಂಡ್ ಹಿಡಿದು ಆಮೇಲೆ ಬಿಡಿ. ಸಂಖ್ಯೆ ಹಾರುವುದು ಒತ್ತುವಾಗಲೋ ಬಿಡುವಾಗಲೋ?

ಬೆಸುಗೆ_ಬಸ್ಯ: ಅರೆ! ಒತ್ತಿದಾಗ ಒಂದೇ. ಬೆರಳು ತೆಗೆದಾಗ ಹಾರುತ್ತೆ. ಬಟನ್ನಿಗೆ ಅಡ್ಡಲಾಗಿ 10 ಮೈಕ್ರೋಫ್ಯಾರಡ್, ಪುಲ್‌ಅಪ್ (ಸಪ್ಲೈ ಕಡೆ ಎಳೆಯೋ ರೆಸಿಸ್ಟರ್) 10 ಕಿಲೋಓಮ್. ಮೊದಲು 1 ಇತ್ತು, ಸಾಲದು ಅಂತ ದೊಡ್ಡದು ಹಾಕಿದೆ.

ಕುಡ್ಲದ_ಮೀಟರ್: ಅಲ್ಲೇ ಎಡವಟ್ಟಾದದ್ದು. 10ಕೆ, 10 ಮೈಕ್ರೋ ಅಂದ್ರೆ 100 ಮಿಲಿಸೆಕೆಂಡ್. ಬಟನ್ ಬಿಟ್ಟ ಮೇಲೆ ವೋಲ್ಟೇಜ್ ತೆವಳಿಕೊಂಡು ಏರ್ತದೆ. 7490 ಎಣಿಸುವುದು ವೋಲ್ಟೇಜ್ ಇಳಿದಾಗ. ಸೊನ್ನೆ-ಒಂದರ ನಡುವಿನ ಹೊಸ್ತಿಲಲ್ಲಿ ಇರುವಾಗ ಚೂರು ನಾಯ್ಸ್ ತಾಗಿದ್ರೂ 7490 ಅದನ್ನು ಕೆಳಗಿಳಿದ ಹಾಗೆ ತಿಳಿದು ಮತ್ತೊಂದು ಎಣಿಸ್ತದೆ. 7490ರ 14ನೇ ಪಿನ್ನಿಗೆ (ಎಣಿಸುವ ಕ್ಲಾಕ್ ಪಿನ್) ಮುಂಚೆ 74ಎಚ್‌ಸಿ14 ಹಾಕಿ, ಅದು ಶ್ಮಿಟ್ ಟ್ರಿಗರ್, ಏರುವುದಕ್ಕೊಂದು ಇಳಿಯುವುದಕ್ಕೊಂದು ಹೊಸ್ತಿಲು, ಚೂರು ನಾಯ್ಸ್‌ಗೆ ಜಗ್ಗುವುದಿಲ್ಲ. ಕೆಪಾಸಿಟರ್ 1 ಸಾಕು. ಬಟನ್ನಿಗೆ ಸೀರೀಸಲ್ಲಿ 100 ಓಮ್ ಇರಲಿ, ಇಲ್ಲದಿದ್ರೆ ಒತ್ತಿದಾಗಲೆಲ್ಲ ಕಾಂಟ್ಯಾಕ್ಟ್‌ನಲ್ಲಿ ಕಿಡಿ.

ಚಿಪ್ಪು_ಚಂದ್ರ: ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಎಲ್ಲಾ ಅಂದಾಜಿನ ಲೆಕ್ಕ. ಹಾರ್ಡ್‌ವೇರೇ ಬೇಕಂದ್ರೆ 7400 ಅನ್ನೋ ಲಾಜಿಕ್ ಐಸಿಯ ಎರಡು ಗೇಟಲ್ಲಿ ಲ್ಯಾಚ್ (ಸ್ಥಿತಿ ಹಿಡಿದಿಡೋ ಸರ್ಕ್ಯೂಟ್) ಮಾಡಿ. ಕಾಂಟ್ಯಾಕ್ಟ್ ಎಷ್ಟು ಕುಣಿದ್ರೂ ಆಚೆ ಬದಿ ತಾಗೋ ತನಕ ಔಟ್‌ಪುಟ್ ಅಲುಗಲ್ಲ.

ಕುಡ್ಲದ_ಮೀಟರ್: ಒಪ್ಪಿದೆ. ಅದಕ್ಕೆ ಎರಡು ಬದಿಗೂ ತಾಗುವ ಮೂರು ಕಾಲಿನ ಮೈಕ್ರೋಸ್ವಿಚ್ ಬೇಕು. ಟ್ಯಾಕ್ಟ್ ಸ್ವಿಚ್‌ಗೆ (ಚಿಕ್ಕ ಪುಶ್ ಬಟನ್) ಕಾಲು ನಾಲ್ಕಿದ್ರೂ ಕಾಂಟ್ಯಾಕ್ಟ್ ಒಂದೇ.

ಚಿಪ್ಪು_ಚಂದ್ರ: ಟ್ಯಾಕ್ಟ್ ಅಂತ ಅವನೆಲ್ಲಿ ಹೇಳಿದ?

ಬೆಸುಗೆ_ಬಸ್ಯ: ಟ್ಯಾಕ್ಟೇ, ಸಾರಿ. ಎಸ್‌.ಪಿ. ರೋಡಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿ ಬೀದಿ) ಎಚ್‌ಸಿ14 ಕೇಳಿದ್ರೆ ಸಿಡಿ40106 ಕೊಟ್ಟು ‘ಎರಡೂ ಒಂದೇ’ ಅಂದ್ರು. ಈಗ ಎಣಿಸೋದೇ ಇಲ್ಲ, 0ಯಲ್ಲಿ ನಿಂತಿದೆ.

ಕುಡ್ಲದ_ಮೀಟರ್: ಪಿನ್ ಒಂದೇ, ತಾಕತ್ತು ಬೇರೆ. 5 ವೋಲ್ಟಲ್ಲಿ 40106 ಅರ್ಧ ಮಿಲಿಆಂಪ್ ಎಳೆದ್ರೆ ಹೆಚ್ಚು. 7490ರ ಕ್ಲಾಕ್ ಪಿನ್ನಿಗೆ ಎರಡು-ಮೂರು ಬೇಕು. ಎಚ್‌ಸಿಯೇ ತನ್ನಿ. ಅದು ಇನ್ವರ್ಟರ್ (ಸಿಗ್ನಲ್ ತಲೆಕೆಳಗು ಮಾಡ್ತದೆ), ಎರಡು ಗೇಟ್ ಸಾಲಾಗಿ ಹಾಕಿ. ಇಲ್ಲದಿದ್ರೆ ಬಟನ್ ಬಿಟ್ಟಾಗ ಎಣಿಸ್ತದೆ. ಮಿಕ್ಕ ನಾಲ್ಕು ಗೇಟಿನ ಇನ್‌ಪುಟ್ ಗ್ರೌಂಡಿಗೆ.

ಬೆಸುಗೆ_ಬಸ್ಯ: ಶನಿವಾರ ಮತ್ತೆ ಹೋಗ್ತೀನಿ. ಅಜ್ಜಿ ಆಗಲೇ ತುಳಸಿಮಣಿ ಹಿಡಿದಾಯ್ತು.

ಹಳೇ_ರೇಡಿಯೋ: ನನ್ನ ಹತ್ರ ಎರಡು ಚಾನೆಲ್ಲಿನ ಹಳೇ ಆಸಿಲೋಸ್ಕೋಪ್ (ಸಿಗ್ನಲ್ ತೆರೆಯ ಮೇಲೆ ತೋರಿಸೋ ಯಂತ್ರ) ಇದೆ, ಟ್ಯೂಬ್ ಇನ್ನೂ ಹೊಸದರ ಹಾಗೆ. ಫೋಟೋ ಹಾಕ್ತೀನಿ. ಅಂದಹಾಗೆ, ಅಡಾಪ್ಟರ್ ಬದಲಾಯಿಸಿದ್ರಾ?