ಬೆಣ್ಣೆ ಹಾಕಿದರೆ ಅದು ಉಂಡೊ ಅಲ್ಲ

ಭಾನುವಾರ

ಧಾರವಾಡ ಅಕ್ಕ: (ಫಾರ್ವರ್ಡ್) ಗೋವಾದ ಸಾಂಪ್ರದಾಯಿಕ ಉಂಡೊ ಬ್ರೆಡ್ ಮನೆಯಲ್ಲೇ! ಈಸ್ಟ್ ಬೇಡ, ಕಾಯುವುದು ಬೇಡ, 40 ನಿಮಿಷ ಸಾಕು. ಮೈದಾ 2 ಕಪ್, ಬೇಕಿಂಗ್ ಪೌಡರ್ 2 ಚಮಚ, ಸಕ್ಕರೆ 3 ಚಮಚ, ಬೆಣ್ಣೆ ಅರ್ಧ ಕಪ್, ಕಲಸಲು ಹಾಲು. ಉಂಡೆ ಕಟ್ಟಿ, ಮೇಲೆ ಹಾಲು ಸವರಿ, 180 ಡಿಗ್ರಿಯಲ್ಲಿ ಬೇಯಿಸಿ.

ಧಾರವಾಡ ಅಕ್ಕ: ಇವತ್ತು ಮಾಡಿದೆ. ಫೋಟೋ ನೋಡಿ. ಮಕ್ಕಳು ಆಗಲೇ ಆರು ಖಾಲಿ ಮಾಡಿದರು.

ಪುಣೆ ಅತ್ತೆ: ಎಷ್ಟು ಚಂದ ಬಣ್ಣ ಬಂದಿದೆ! ನಾನೂ ಮಾಡುತ್ತೇನೆ.

ಮಡಗಾಂವ್ ಕಾಕಾ: ಚೆನ್ನಾಗಿ ಕಾಣುತ್ತಿದೆ. ಆದರೆ ಇದು ಉಂಡೊ ಅಲ್ಲ ನೋಡವ್ವಾ.

ಧಾರವಾಡ ಅಕ್ಕ: ಯಾಕೆ ಕಾಕಾ? ದುಂಡಗಿದೆ, ಮೇಲೆ ಕೆಂಪಾಗಿದೆ.

ಮಡಗಾಂವ್ ಕಾಕಾ: ದುಂಡಗಿದ್ದದ್ದೆಲ್ಲ ಉಂಡೊ ಆಗುವುದಿಲ್ಲ. ಬೆಣ್ಣೆ, ಹಾಲು, ಮೂರು ಚಮಚ ಸಕ್ಕರೆ ಹಾಕಿದರೆ ಸಿಹಿ ಬನ್ ಆಗುತ್ತದೆ. ಉಂಡೊಗೆ ಮೈದಾ, ನೀರು, ಉಪ್ಪು, ಹುದುಗು ಇಷ್ಟೇ. ಒಡೆದರೆ ಕಟ್ ಅನ್ನಬೇಕು. ಪುಡಿ ಅಂಗಿ ಮೇಲೆ ಉದುರಬೇಕು. ಒಳಗೆ ಹತ್ತಿಯ ಹಾಗೆ ಇರಬೇಕು.

ಧಾರವಾಡ ಅಕ್ಕ: ರುಚಿ ಚೆನ್ನಾಗಿತ್ತು ಕಾಕಾ. ಹೆಸರಿಗೆ ಯಾಕೆ ಇಷ್ಟು ಜಗಳ?

ಮಡಗಾಂವ್ ಕಾಕಾ: ಆ ಹೆಸರಿನ ಹಿಂದೆ ಒಂದೊಂದು ರಾತ್ರಿಯ ನಿದ್ದೆ ಇದೆ ಮಗಳೇ. ನಾನು 22 ವರ್ಷ ಗೋವಾದ ಬೇಕರಿಯಲ್ಲಿ ಆ ಒಲೆ ಮುಂದೆ ನಿಂತವನು. "ಕಾಯುವುದು ಬೇಡ" ಅಂತ ಬರೆದಿದ್ದಾರಲ್ಲ, ಹೊಟ್ಟೆ ಉರಿಯುವುದು ಅದಕ್ಕೇ. ಅಲ್ಲಿ ಕೆಲಸ ಅಂದರೆ ಕಾಯುವುದೇ.

ಬೆಂಗಳೂರು ತಮ್ಮ: ಕಾಕಾ, ಉಂಡೊ ಮತ್ತೆ ಪಾವ್ ಬೇರೆ ಬೇರೆನಾ? ನಾನು ಎರಡೂ ಒಂದೇ ಅಂದುಕೊಂಡಿದ್ದೆ.

ಮಡಗಾಂವ್ ಕಾಕಾ: ಬೇರೆ ಬೇರೆ. ಪಾವ್ ಅಂದರೆ ಚೌಕ, ಮೆತ್ತಗೆ, ಒಂದಕ್ಕೊಂದು ಅಂಟಿಕೊಂಡು ಬೇಯುತ್ತದೆ. ಪೊಯಿ ಚಪ್ಪಟೆ, ಗೋಧಿ ಹೊಟ್ಟು ಇರುತ್ತದೆ, ಒಳಗೆ ಚೀಲದ ಹಾಗೆ ಟೊಳ್ಳು. ಕಾಂಕೊಣ ಬಳೆಯ ಆಕಾರ, ಗಟ್ಟಿ, ಚಹಾದಲ್ಲಿ ಅದ್ದಿ ತಿನ್ನುತ್ತಾರೆ. ಕತ್ತರಿಯಲ್ಲಿ ಕತ್ತರಿಸಿ ಚಿಟ್ಟೆಯ ಹಾಗೆ ಮಾಡುವ ಕಾತ್ರೊ ಪಾವ್ ಒಂದು. ಉಂಡೊ ದುಂಡಗೆ, ನಡುವೆ ಒಂದು ಗೀರು, ಹೊರಗೆ ಗರಿಗರಿ. ಕೊಂಕಣಿಯಲ್ಲಿ ಒಂದಕ್ಕೆ ಉಂಡೊ, ನಾಲ್ಕಕ್ಕೆ ಉಂಡೆ. ಮೊದಲ ದಿನ ಮಾಲೀಕರು "ಉಂಡೆ ಮಾಡು" ಅಂದಾಗ ನನಗೆ ಅವ್ವ ಕಟ್ಟುತ್ತಿದ್ದ ಶೇಂಗಾ ಉಂಡೆ ನೆನಪಾಯಿತು.

ಬೆಂಗಳೂರು ತಮ್ಮ: ಅದು ಪೋರ್ಚುಗೀಸರು ತಂದದ್ದು ಅಲ್ವಾ? ಆಮೇಲೆ ಗೋವಾದ ಸಂಪ್ರದಾಯ ಅಂತ ಹೇಗೆ ಹೇಳುವುದು?

ನಾನು: ತಂದದ್ದು ಅವರೇ. ಗೋವಾ ಅವರ ಕೈಗೆ ಹೋದದ್ದು 1510ರಲ್ಲಿ. ಬ್ರೆಡ್ ಮಾಡುವವರನ್ನು ಪದೇರ್ ಅನ್ನುವುದೂ ಪೋರ್ಚುಗೀಸ್ ಮಾತೇ. ಆದರೆ ಅಲ್ಲಿ ಈಸ್ಟ್ ಸಿಗಲಿಲ್ಲ. ತೆಂಗಿನ ಮರದ ಸುರ್, ನಮ್ಮ ಕಡೆ ಶೇಂದಿ ಅನ್ನುತ್ತೇವಲ್ಲ, ಅದನ್ನು ಹಾಕಿ ಹಿಟ್ಟು ಉಬ್ಬಿಸಿದರು. ಮರದಿಂದ ಇಳಿಸಿದ ರಸ ಕೆಲವೇ ಗಂಟೆಯಲ್ಲಿ ತಾನಾಗಿ ಹುಳಿ ಬರುತ್ತದೆ. ಅದರಲ್ಲಿ ಈಸ್ಟ್ ಇದ್ದೇ ಇರುತ್ತದೆ. ಹಿಟ್ಟು ಹೊರಗಿನದು, ಹುದುಗು ಅಲ್ಲಿಯ ತೆಂಗಿನ ತೋಟದ್ದು. ಮೆಣಸಿನಕಾಯಿಯನ್ನೂ ಅವರೇ ತಂದರು. ಮೆಣಸಿನಕಾಯಿ ನಮ್ಮದಲ್ಲ ಅಂತ ಬ್ಯಾಡಗಿಯಲ್ಲಿ ನಿಂತು ಹೇಳುತ್ತೀಯಾ?

ಅವ್ವ: ಶೇಂದಿ ಹಾಕುವುದಾದರೆ ನನ್ನ ಅಡುಗೆ ಮನೆಗೆ ಬೇಡ.

ಪುಣೆ ಅತ್ತೆ: ಒಲೆಯಲ್ಲಿ ಬಹುತೇಕ ಆರಿ ಹೋಗುತ್ತದೆ ವೈನಿ. ಮಂಗಳೂರು ಕಡೆ ಸಣ್ಣ ಅನ್ನುವ ಇಡ್ಲಿಗೂ ಶೇಂದಿ ಹಾಕುತ್ತಾರೆ.

ನಾನು: ಅವ್ವ, ಪ್ಯಾಕೆಟ್ ಈಸ್ಟ್ ಹಾಕಿದರೂ ಹಿಟ್ಟಿನೊಳಗೆ ಅದೇ ಕೆಲಸ ಆಗುತ್ತದೆ. ಈಸ್ಟ್ ಸಕ್ಕರೆ ತಿಂದು ಗಾಳಿಯನ್ನೂ ಸ್ವಲ್ಪ ಮದ್ಯವನ್ನೂ ಬಿಡುತ್ತದೆ. ಬೇಯುವಾಗ ಹೆಚ್ಚಿನದು ಹೋಗುತ್ತದೆ. ಅಂಗಡಿ ಬ್ರೆಡ್ಡಿನಲ್ಲೂ ಹೀಗೇ.

ಅವ್ವ: ಹಾಗಾದರೆ ಪ್ಯಾಕೆಟ್‌ದೇ ಇರಲಿ.

ಬೆಂಗಳೂರು ತಮ್ಮ: ಆದರೆ ಶೇಂದಿ ಇಲ್ಲ, ಸೌದೆ ಒಲೆ ಇಲ್ಲ ಅಂದರೆ ಮನೆಯಲ್ಲಿ ಮಾಡಿದ್ದಕ್ಕೆ ಉಂಡೊ ಅನ್ನುವುದೇ ತಪ್ಪಲ್ವಾ? ಅಕ್ಕನದೂ ತಪ್ಪು, ಕಾಕಾ ಹೇಳುವುದೂ ತಪ್ಪು. ಸುಮ್ನೆ ಗೋವಾಕ್ಕೆ ಹೋದಾಗ ತಿನ್ನೋಣ.

ಮಡಗಾಂವ್ ಕಾಕಾ: ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗಲೇ ನಮ್ಮ ಬೇಕರಿಯಲ್ಲಿ ಈಸ್ಟ್ ಹಾಕುತ್ತಿದ್ದರು. ಮರ ಹತ್ತುವವರು ಕಡಿಮೆಯಾದರು. ದಿನವೂ ಅಷ್ಟು ಸುರ್ ಎಲ್ಲಿಂದ ತರುವುದು? ಹಾಗಂತ ಊರಿನವರು ಬೆಳಗ್ಗೆ ಬಾಗಿಲಿಗೆ ಬಂದು ನಿಂತು "ಇದು ಉಂಡೊ ಅಲ್ಲ" ಅಂದರಾ? ಅನ್ನಲಿಲ್ಲ. ಹುದುಗು ಬದಲಾಯಿತು, ಹೊತ್ತು ಬದಲಾಗಲಿಲ್ಲ. ಸಂಜೆ ಕಲಸಬೇಕು, ರಾತ್ರಿ ಬಿಡಬೇಕು, ಬೆಳಗಿನ ಜಾವ ಒಲೆಗೆ ಹಾಕಬೇಕು.

ಮಡಗಾಂವ್ ಕಾಕಾ: ಒಲೆ ವಿಷಯ ಹೇಳುತ್ತೇನೆ ಕೇಳು. ಒಳಗೇ ಸೌದೆ ಉರಿಸುತ್ತೇವೆ. ಕಲ್ಲು ಕಾದ ಮೇಲೆ ಕೆಂಡವನ್ನು ಪಕ್ಕಕ್ಕೆ ಎಳೆಯುತ್ತೇವೆ. ಉದ್ದ ಕೋಲಿಗೆ ಒದ್ದೆ ಗೋಣಿ ಕಟ್ಟಿ ನೆಲ ಒರೆಸುತ್ತೇವೆ. ಚುಂಯ್ ಅಂತ ಹಬೆ ಏಳುತ್ತದೆ. ಒಂದು ಚಿಟಿಕೆ ಹಿಟ್ಟು ಎಸೆದು ನೋಡುತ್ತೇವೆ. ತಕ್ಷಣ ಕಪ್ಪಾದರೆ ಶಾಖ ಜಾಸ್ತಿ, ಸ್ವಲ್ಪ ಆರಲು ಬಿಡಬೇಕು. ನಿಧಾನ ಕೆಂಪಾದರೆ ಸರಿ. ಆಮೇಲೆ ಉದ್ದ ಹಲಗೆ ಮೇಲೆ ಇಟ್ಟು ಸಾಲು ಸಾಲು ಒಳಗೆ ತಳ್ಳಿ ಬಾಯಿ ಮುಚ್ಚುತ್ತೇವೆ. ಮೊದಲು ಹಬೆ ಹೊರಗೆ ಹೋಗಬಾರದು. ಗುಟ್ಟು ಏನಾದರೂ ಇದ್ದರೆ ಅದೇ.

ಪುಣೆ ಅತ್ತೆ: ಹಬೆ ಇದ್ದರೆ ಮೆತ್ತಗಾಗುತ್ತದೆ ಅಲ್ವಾ? ಗರಿಗರಿ ಹೇಗೆ ಆಗುತ್ತದೆ? ಇಡ್ಲಿ ಹಬೆಯಲ್ಲೇ ಬೇಯುತ್ತದೆ, ಸಿಪ್ಪೆ ಬರುವುದಿಲ್ಲ.

ನಾನು: ಒಳ್ಳೆ ಪ್ರಶ್ನೆ ಅತ್ತೆ. ಇಡ್ಲಿ ಕೊನೆಯವರೆಗೂ ಹಬೆಯಲ್ಲೇ ಇರುತ್ತದೆ, 100 ಡಿಗ್ರಿ ದಾಟುವುದಿಲ್ಲ. ಉಂಡೊಗೆ ಹಬೆ ಮೊದಲ ಎಂಟು ಹತ್ತು ನಿಮಿಷ ಮಾತ್ರ. ಆಗ ಮೇಲ್ಮೈ ಒದ್ದೆ ಇರುತ್ತದೆ, ಬೇಗ ಬಿಗಿಯುವುದಿಲ್ಲ, ಒಳಗಿನ ಗಾಳಿ ಹಿಗ್ಗಲು ಜಾಗ ಸಿಗುತ್ತದೆ. ಮೇಲಿನ ಹಿಟ್ಟು ತೆಳ್ಳಗೆ ಗಂಜಿಯ ಹಾಗೆ ಆಗುತ್ತದೆ. ಆಮೇಲೆ ಹಬೆ ಹೋಗಿ ಒಣ ಶಾಖ ಬಂದಾಗ ಆ ಗಂಜಿಯೇ ಒಣಗಿ ಗಾಜಿನ ಹಾಗೆ ಗರಿಗರಿ ಆಗುತ್ತದೆ. ಸೀರೆಗೆ ಗಂಜಿ ಹಾಕಿ ಒಣಗಿಸಿದ ಹಾಗೆ. ಬೆಣ್ಣೆ, ಹಾಲು ಇದ್ದರೆ ಸಿಪ್ಪೆ ಮೆತ್ತಗೇ ಉಳಿಯುತ್ತದೆ. ಸಕ್ಕರೆ ಜಾಸ್ತಿ ಇದ್ದರೆ ಬೇಯುವ ಮೊದಲೇ ಕೆಂಪಾಗುತ್ತದೆ. ಅಕ್ಕನ ಫೋಟೋದ ಬಣ್ಣ ಹಾಲು ಸಕ್ಕರೆಯ ಬಣ್ಣ.

ಧಾರವಾಡ ಅಕ್ಕ: ನೀವಿಬ್ಬರೂ ಹೇಳುವುದು ಸರಿ ಇರಬಹುದು. ನನ್ನ ಮಾತೂ ಕೇಳಿ. ಅಲ್ಲಿ ಬೆಳಗ್ಗೆ ಸೈಕಲ್ ಹಾರ್ನ್ ಕೇಳಿದರೆ ಸಾಕು, ಬುಟ್ಟಿ ತುಂಬ ಬಿಸಿ ಬ್ರೆಡ್ ಬಾಗಿಲಿಗೆ ಬರುತ್ತದೆ. ಇಲ್ಲಿ ನನಗೆ ಯಾವ ಪದೇರ್ ಬರುತ್ತಾನೆ? ಇರುವುದು ಒಂದು ಓಟಿಜಿ (ಕರೆಂಟಿನ ಸಣ್ಣ ಒವನ್), ಒಂದು ರಜೆ ದಿನ. ತಪ್ಪು ಅಂತ ಹೇಳಿ ಬಿಟ್ಟರೆ ನಾನು ಮತ್ತೆ ಆ ಫಾರ್ವರ್ಡ್ ಹಿಂದೆಯೇ ಹೋಗುತ್ತೇನೆ. ಸರಿ ಯಾವುದು ಅಂತ ಬರೆದು ಕೊಡಿ ಕಾಕಾ.

ಮಡಗಾಂವ್ ಕಾಕಾ: ನನಗೆ ಗೊತ್ತಿರುವುದು 50 ಕಿಲೋ ಚೀಲದ ಲೆಕ್ಕ. ಉಪ್ಪು 1 ಕಿಲೋ. ನೀರು ಕೈಗೆ ಗೊತ್ತು. ಹಿಟ್ಟು ಮುಷ್ಟಿಯಲ್ಲಿ ಹಿಡಿದು ಎಳೆದರೆ ರಬ್ಬರಿನ ಹಾಗೆ ಬರಬೇಕು, ಹರಿಯಬಾರದು.

ನಾನು: ಕಾಕಾನ ಉಪ್ಪಿನ ಲೆಕ್ಕ ಅಂದರೆ ನೂರಕ್ಕೆ ಎರಡು. ಅದನ್ನೇ ಇಳಿಸುತ್ತೇನೆ. ಮೈದಾ 500 ಗ್ರಾಂ, ಉಪ್ಪು 10 ಗ್ರಾಂ, ನೀರು 320 ಮಿಲಿ, ಇನ್‌ಸ್ಟಂಟ್ ಈಸ್ಟ್ ಕಾಲು ಟೀ ಚಮಚ. ಸಕ್ಕರೆ ಬೇಡ. ಈಸ್ಟ್ ಇಷ್ಟು ಕಡಿಮೆ ಯಾಕೆ ಅಂದರೆ ರಾತ್ರಿ ಇಡೀ ಬಿಡಬೇಕು, ರುಚಿ ಬರುವುದು ಆ ಹೊತ್ತಿನಲ್ಲಿ. ಮೈದಾ ಪ್ಯಾಕೆಟ್ಟಿನ ಹಿಂದೆ ಪ್ರೋಟೀನ್ ನೋಡು, 100 ಗ್ರಾಂಗೆ 10-11 ಗ್ರಾಂ ಇದ್ದರೆ ಒಳ್ಳೆಯದು. ರಾತ್ರಿ 10ಕ್ಕೆ ಕಲಸಿ ಹತ್ತು ನಿಮಿಷ ನಾದಿ ಮುಚ್ಚಿಡು. ಬೆಳಗ್ಗೆ 6ಕ್ಕೆ ದುಪ್ಪಟ್ಟು ಆಗಿರುತ್ತದೆ. ಹತ್ತು ಉಂಡೆ ಮಾಡು, ಒಂದೊಂದು ಸುಮಾರು 80 ಗ್ರಾಂ.

ಮಡಗಾಂವ್ ಕಾಕಾ: ಉಂಡೆ ಕಟ್ಟುವಾಗ ಅಂಚನ್ನು ಕೆಳಗೆ ಮಡಿಚಿ ಮಡಿಚಿ ಮೇಲ್ಭಾಗ ಬಿಗಿ ಮಾಡಬೇಕು. ಹೋಳಿಗೆಗೆ ಹೂರಣ ತುಂಬಿ ಬಾಯಿ ಮುಚ್ಚುತ್ತೀಯಲ್ಲ, ಹಾಗೇ. ಬಿಗಿ ಇಲ್ಲದಿದ್ದರೆ ಒಲೆಯಲ್ಲಿ ಹರಡಿಕೊಳ್ಳುತ್ತದೆ. ಬಟ್ಟೆ ಮೇಲೆ ಗೋಧಿ ಹೊಟ್ಟು ಚೆಲ್ಲಿ ಅದರ ಮೇಲೆ ಇಡು. ಮುಕ್ಕಾಲು ಗಂಟೆ ಬಿಡು. ಬೆರಳಲ್ಲಿ ಒತ್ತಿದರೆ ಗುಳಿ ನಿಧಾನ ತುಂಬಬೇಕು. ಒಲೆಗೆ ಹಾಕುವ ಮೊದಲು ಚೂಪಾದ ಬ್ಲೇಡಿನಿಂದ ನಡುವೆ ಒಂದೇ ಗೀರು. ಹಿಂಜರಿಯಬೇಡ, ಒಂದೇ ಎಳೆತ.

ನಾನು: ಓಟಿಜಿ 230 ಡಿಗ್ರಿಗೆ ಇಡು. ತಟ್ಟೆ ಒಳಗೇ ಇರಲಿ, ಅದೂ ಕಾಯಬೇಕು. ಬೇಕರಿಯ ಕಲ್ಲಿನ ಜಾಗದಲ್ಲಿ ನಿನಗೆ ಅದೇ ಕಲ್ಲು. ಅರ್ಧ ಗಂಟೆ ಕಾಯಿಸು. ಕೆಳಗೆ ಒಂದು ಹಳೆ ಕಬ್ಬಿಣದ ಬಾಣಲೆ ಇಡು. ಉಂಡೆ ಒಳಗೆ ಹಾಕಿದ ತಕ್ಷಣ ಬಾಣಲೆಗೆ ಅರ್ಧ ಲೋಟ ಕುದಿಯುವ ನೀರು ಹಾಕಿ ಬಾಗಿಲು ಮುಚ್ಚು. ಬಾಗಿಲಿನ ಗಾಜಿನ ಮೇಲೆ ನೀರು ಬೀಳಬಾರದು, ಒಡೆಯುತ್ತದೆ. ಟವೆಲ್ ಹೊದಿಸಿಕೊಂಡು ಹಾಕು, ಆಮೇಲೆ ಟವೆಲ್ ತೆಗೆ. ಕೈ ಮುಖ ದೂರ ಇರಲಿ. 8 ನಿಮಿಷಕ್ಕೆ ಬಾಣಲೆ ಹೊರಗೆ, ಮತ್ತೆ 10-12 ನಿಮಿಷ. ಐದೈದೇ ಬೇಯಿಸು, ಉಳಿದದ್ದು ಫ್ರಿಜ್ಜಿನಲ್ಲಿರಲಿ.

ಬೆಂಗಳೂರು ತಮ್ಮ: ಇಷ್ಟೆಲ್ಲ ಒಂದು ಬ್ರೆಡ್ಡಿಗಾ?

ಮಡಗಾಂವ್ ಕಾಕಾ: ಹೌದು, ಒಂದು ಬ್ರೆಡ್ಡಿಗೇ. ನಾನಿದ್ದ ಬೇಕರಿಯ ಮಾಲೀಕರ ಮಕ್ಕಳು ಹೊರದೇಶಕ್ಕೆ ಹೋದರು. ಬೇಕರಿ ಲೀಸಿಗೆ ಕೊಟ್ಟರು. ಈಗ ಗೋವಾದ ಎಷ್ಟೋ ಒಲೆಗಳ ಮುಂದೆ ನಿಂತಿರುವವರು ಕರ್ನಾಟಕದಿಂದ ಹೋದವರೇ. ಮುದುಕರೊಬ್ಬರು ನನಗೆ ಕೈ ಹಿಡಿದು ಕಲಿಸಿದರು. ನಾನು ಬೇರೆ ಊರಿನವನು, ಬೇರೆ ಮಾತಿನವನು, ಆದರೂ ಏನೂ ಮುಚ್ಚಿಡಲಿಲ್ಲ. ಅವರು ಕಲಿಸಿದ್ದಕ್ಕೆ ಬೇಕಿಂಗ್ ಪೌಡರ್ ಹಾಕಿ ಅದೇ ಹೆಸರು ಬರೆದರೆ ನಾನು ಹೇಗೆ ಸುಮ್ಮನಿರಲಿ?

ಧಾರವಾಡ ಅಕ್ಕ: ಇದು ನನಗೆ ಗೊತ್ತಿರಲಿಲ್ಲ ಕಾಕಾ. ಮುಂದಿನ ಭಾನುವಾರ ಮಾಡುತ್ತೇನೆ.

ಅವ್ವ: ನೀನು ರಜೆಗೆ ಬಂದಾಗ ಚೀಲ ತುಂಬ ತರುತ್ತಿದ್ದೆ. ಮಡಗಾಂವಿನಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಬರುವಷ್ಟರಲ್ಲಿ ಚರ್ಮದ ಹಾಗೆ ಆಗಿರುತ್ತಿತ್ತು. ಆದರೂ ಹುಡುಗರು ಜಗಳ ಆಡಿ ತಿನ್ನುತ್ತಿದ್ದರು.

ಮಡಗಾಂವ್ ಕಾಕಾ: ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಿದ್ದೆ ವೈನಿ, ಅದಕ್ಕೇ. ಒಳಗಿನ ತೇವ ಹೊರಗೆ ಬಂದು ಸಿಪ್ಪೆಯಲ್ಲೇ ಕೂರುತ್ತದೆ. ಬಟ್ಟೆಯಲ್ಲಿ ಕಟ್ಟಬೇಕಿತ್ತು. ಮೆತ್ತಗಾದರೆ ನೀರು ಚಿಮುಕಿಸಿ ಬಿಸಿ ಒಲೆಯಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಗರಿಗರಿ.

ಮುಂದಿನ ಭಾನುವಾರ

ಧಾರವಾಡ ಅಕ್ಕ: ಫೋಟೋ. ಮೊದಲ ಐದು. ಎರಡರಲ್ಲಿ ಗೀರು ಬಿಚ್ಚಿಲ್ಲ.

ಪುಣೆ ಅತ್ತೆ: ಬಣ್ಣ ಈ ಸಲ ಬೇರೆಯೇ ಇದೆ. ಒಣ ಕೆಂಪು.

ಮಡಗಾಂವ್ ಕಾಕಾ: ಆ ಎರಡರಲ್ಲಿ ಬ್ಲೇಡ್ ಆಳಕ್ಕೆ ಹೋಗಿಲ್ಲ. ತಿರುಗಿಸಿ ತಳದ ಫೋಟೋ ಹಾಕು.

ಧಾರವಾಡ ಅಕ್ಕ: ಫೋಟೋ.

ಮಡಗಾಂವ್ ಕಾಕಾ: ತಳ ಬಿಳಿ ಇದೆ. ತಟ್ಟೆ ಕಾದದ್ದು ಸಾಲದು. ಎರಡನೇ ಸಲಕ್ಕೆ ಇನ್ನೂ ಕಾಲು ಗಂಟೆ ಬಿಡು. ಈಗ ಒಂದನ್ನು ಕೈಯಲ್ಲಿ ಹಿಡಿದು ತಳವನ್ನು ಬೆರಳಲ್ಲಿ ತಟ್ಟು. ಟೊಳ್ಳು ಸದ್ದು ಬರಬೇಕು.

ಧಾರವಾಡ ಅಕ್ಕ: ಬರುತ್ತಿದೆ ಕಾಕಾ. ಇನ್ನೊಂದು ಹೇಳಬೇಕು. ಹೊರಗೆ ತೆಗೆದು ಜಾಲರಿ ಮೇಲೆ ಇಟ್ಟಾಗ ಸಣ್ಣಗೆ ಚಟಚಟ ಅನ್ನುತ್ತಿತ್ತು. ಒಲೆ ಆರಿಸಿಲ್ಲವೇನೋ ಅಂದುಕೊಂಡೆ. ಕಿವಿ ಹತ್ತಿರ ಇಟ್ಟೆ. ಬ್ರೆಡ್ಡೇ ಸದ್ದು ಮಾಡುತ್ತಿತ್ತು.

ಮಡಗಾಂವ್ ಕಾಕಾ: ಸಿಪ್ಪೆ ತಣ್ಣಗಾಗುವಾಗ ಬಿರುಕು ಬಿಡುವ ಸದ್ದು ಅದು. ಬೆಳಗಿನ ಜಾವ ಬೇಕರಿ ತುಂಬ ಅದೇ ಸದ್ದು ಇರುತ್ತಿತ್ತು. ಒಂದನ್ನು ಒಡೆದು ವಾಯ್ಸ್ ಕಳಿಸು.

ಧಾರವಾಡ ಅಕ್ಕ: (ವಾಯ್ಸ್ ಮೆಸೇಜ್, 6 ಸೆಕೆಂಡ್)

ಮಡಗಾಂವ್ ಕಾಕಾ: ಮೂರು ಸಲ ಕೇಳಿದೆ. ಇದು ಉಂಡೊ.

ಬೆಂಗಳೂರು ತಮ್ಮ: ತಳ ಬಿಳಿ ಇದ್ದರೂನಾ ಕಾಕಾ?

ಮಡಗಾಂವ್ ಕಾಕಾ: ಬಿಳಿ ತಳದ ಉಂಡೊ. ಮುಂದಿನ ಐದು ಸರಿ ಆಗುತ್ತದೆ.

ಅವ್ವ: ಮಡಕಿ ಕಾಳಿನ ಉಸುಳಿ ಮಾಡಿದ್ದೇನೆ. ಯಾರ ಕೈಯಲ್ಲಾದರೂ ಮಧ್ಯಾಹ್ನದೊಳಗೆ ನಾಲ್ಕು ಕಳಿಸು. ಬಟ್ಟೆಯಲ್ಲಿ ಕಟ್ಟು.